ನೀರಿನ ಗೆರೆ ದಾಟಿದ ಮೇಲೆ ಕನ್ನಡ ಮಾತ್ರ

ಹೊಸದುರ್ಗದ ಕಡೆಯ ಸದಾನಂದ ಸಮುದ್ರವನ್ನು ಮೊದಲು ನೋಡಿದ್ದು ಮದುವೆಯಾದ ಮೇಲೆ. ಅದಕ್ಕೂ ಹಿಂದೆ ಅವನು ಕಂಡಿದ್ದ ದೊಡ್ಡ ನೀರೆಂದರೆ ಊರ ಕೆರೆ. ಅದರೊಳಗೆ ಮಳೆಗಾಲದಲ್ಲಿ ಎಮ್ಮೆಗಳೂ ಬೇಸಿಗೆಯಲ್ಲಿ ಕ್ರಿಕೆಟ್ ಆಡುವ ಹುಡುಗರೂ ಇರುತ್ತಿದ್ದರು. ಅಂಥವನು ಈಗ ಮಲಯರ ನಾಡಿನ ಪೆನಾಂಗ್ ದ್ವೀಪದ ಬಯಾನ್ ಲೆಪಾಸಿನಲ್ಲಿ, ಬಾಲ್ಕನಿಯಿಂದ ಬಗ್ಗಿ ನೋಡಿದರೆ ಕಡಲ ಚೂರೊಂದು ಕಾಣುವ ಕಾಂಡೋ ಫ್ಲ್ಯಾಟಿನಲ್ಲಿ ಸಂಸಾರ ಹೂಡಿಕೊಂಡು, ಏಡಿಗಳ ಬಗ್ಗೆ ಕಂಡಕಂಡವರಿಗೆ ಪಾಠ ಹೇಳುವ ಮನುಷ್ಯನಾಗಿದ್ದ. ಕೇಳುವವರಿಗೆ ಬಿಡುವಿದೆಯೋ ಇಲ್ಲವೋ ಎಂಬುದನ್ನು ಅವನು ಎಂದೂ ತಲೆಗೆ ಹಾಕಿಕೊಂಡವನಲ್ಲ.

ಅವನ ಕೆಲಸ ಚಿಪ್ ತಯಾರಿಸುವ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿ. ಅಲ್ಲಿ ಒಳಗೆ ಹೋಗಬೇಕಾದರೆ ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ತೊಡಬೇಕು, ಗಾಳಿಯ ಗೂಡಿನಲ್ಲಿ ನಿಂತು ಧೂಳು ಕೊಡವಿಕೊಳ್ಳಬೇಕು, ಯಾವ ಕೆಲಸ ಯಾವುದರ ಹಿಂದೆ ಎಂದು ಗೋಡೆಯ ಮೇಲೆ ಬರೆದದ್ದನ್ನು ಓದಿಕೊಳ್ಳಬೇಕು. ಇಷ್ಟು ವರ್ಷ ಹೀಗೆ ಬದುಕಿದವನಿಗೆ, ಜಗತ್ತಿನಲ್ಲಿ ಕೆಟ್ಟುಹೋದದ್ದು ಯಾವುದೇ ಇರಲಿ, ಸರಿಯಾದ ಕ್ರಮ ಹಾಕಿಕೊಟ್ಟರೆ ಸರಿಹೋಗುತ್ತದೆ ಎಂಬ ನಂಬಿಕೆ ಬೇರೂರಿತ್ತು. ಮನೆಯ ಫ್ರಿಜ್ಜಿನೊಳಗೆ ಮೊಸರಿಗೊಂದು, ಕೊತ್ತಂಬರಿ ಸೊಪ್ಪಿಗೊಂದು ಚೀಟಿ ಅಂಟಿಸಿದ್ದ. ಚಪ್ಪಲಿ ಸ್ಟ್ಯಾಂಡಿಗೂ ಅಂಟಿಸಿದ್ದ. ಹೆಂಡತಿ ಜಲಜಾಳ ಹಣೆಗೆ ಅಂಟಿಸುವುದೊಂದು ಬಾಕಿ.

ಜಲಜಾ ಮೈಸೂರಿನವಳು. ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದಳು. ಹೆಸರಿನಲ್ಲಿ ಮಾತ್ರ ಜಲ. ನೀರಿಗೆ ಇಳಿಯುವುದು ಸ್ನಾನಕ್ಕಷ್ಟೇ. ಗಂಡ ಲಿಫ್ಟಿನಲ್ಲಿ, ಅಂಗಡಿಯಲ್ಲಿ, ಡಾಕ್ಟರ ಎದುರು, ಎಲ್ಲೆಂದರಲ್ಲಿ ವಿವರಣೆಗೆ ಇಳಿದಾಗ ಅವಳು ತುಟಿ ಅಲ್ಲಾಡಿಸದೆ ಹೇಳುವ ಮಾತೊಂದಿತ್ತು: "ರೀ, ಸಾಕು ಸುಮ್ನಿರಿ. ಜನ ನೋಡ್ತಿದ್ದಾರೆ." ಸದಾನಂದನಿಗೆ ಅದು ಫ್ಯಾನಿನ ಸದ್ದಿನಂತೆ. ಇದ್ದರೆ ತಿಳಿಯದು, ನಿಂತರೆ ಏನೋ ಕಡಿಮೆಯಾಯಿತು ಅನ್ನಿಸುವುದು.

ಇವರಿಗೆ ಒಬ್ಬಳೇ ಮಗಳು. ಕನ್ನಡ ಕಿವಿಗೆ ಇಂಪಾಗಿ ಬೀಳುತ್ತಿರಲಿ ಎಂದು ಅವಳಿಗೆ ಇಂಚರ ಎಂದು ಹೆಸರಿಟ್ಟಿದ್ದರು. ಹನ್ನೊಂದು ವರ್ಷದ ಇಂಚರ ಇಂಗ್ಲಿಷಿನಲ್ಲಿ ಉಲಿಯುತ್ತಿದ್ದಳು, ಶಾಲೆಯಲ್ಲಿ ಮಲಯ ಭಾಷೆಯಲ್ಲೂ ಉಲಿಯುತ್ತಿದ್ದಳು, ಚೀನೀ ಗೆಳತಿಯರಿಂದ ಕಲಿತ ಬೈಗುಳಗಳನ್ನು ಬಾತ್‌ರೂಮಿನಲ್ಲಿ ಅಭ್ಯಾಸ ಮಾಡುತ್ತಿದ್ದಳು. ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು. ಊಟಕ್ಕೆ ಬಾ ಅಂದರೆ ಬರುತ್ತಿದ್ದಳು. ಆದರೆ ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಕೊನೆಯಲ್ಲಿ ಇಲ್ಲಿಯವರಂತೆ ಒಂದು 'ಲಾ' ಸೇರಿಸಿ.

ಸದಾನಂದ ಇದನ್ನು ವಯಸ್ಸಿನ ಆಟ ಎಂದುಕೊಂಡು ಸುಮ್ಮನಿದ್ದ. ಒಂದು ಸಂಜೆ ಲಿಫ್ಟಿನಲ್ಲಿ ಮೇಲಿನ ಮಹಡಿಯ ಮಿಸ್ಟರ್ ಊಯಿ, ನಿವೃತ್ತ ಬ್ಯಾಂಕ್ ಮ್ಯಾನೇಜರು, ನಿಮ್ಮ ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ, ತಮಿಳಾ, ಎಂದು ಸುಮ್ಮನೆ ಕೇಳಿದರು. ಸದಾನಂದ ಬಾಯಿ ತೆರೆಯುವ ಮೊದಲೇ ಇಂಚರ ಹೇಳಿಬಿಟ್ಟಳು: ಅವರು ಕನ್ನಡ ಮಾತಾಡುತ್ತಾರೆ, ನಾನು ಇಂಗ್ಲಿಷ್. ಊಯಿ ತಲೆಯಾಡಿಸಿ ಇಳಿದುಹೋದರು. ಆ 'ಅವರು' ಮಾತ್ರ ಸದಾನಂದನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಮೀನಿನ ಮುಳ್ಳು ಹೇಗಿರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ, ಮನೆತನಕ್ಕೆ ಮನೆತನವೇ ಸೊಪ್ಪುಸಾರಿನವರು. ಆದರೂ ಹಾಗೇ ಇರಬೇಕು ಅನ್ನಿಸಿತು. ತನ್ನ ಮಗಳು ತನ್ನನ್ನು 'ಅವರು' ಎನ್ನುವ ಗುಂಪಿಗೆ ಸೇರಿಸಿದ್ದಳಲ್ಲ.

ಪರಿಹಾರ ಕಾರ್ಖಾನೆಯಲ್ಲೇ ಸಿಕ್ಕಿತು. ಜಪಾನಿನಿಂದ ಯಂತ್ರ ಜೋಡಿಸಲು ಬಂದಿದ್ದ ಹಿರಾಟಾ ಎಂಬ ಎಂಜಿನಿಯರು ಊಟದ ಹೊತ್ತಿನಲ್ಲಿ ಫೋನು ತೆಗೆದು ತನ್ನ ಸಂಸಾರದ ಫೋಟೋಗಳನ್ನು ತೋರಿಸಿದ. ಅವರ ಊರಲ್ಲಿ ಸಮುದ್ರ ಇಳಿದ ದಿನ ಮನೆಮಂದಿಯೆಲ್ಲ ಬಕೆಟ್ಟು, ಪುಟ್ಟ ಕುಂಟೆ ಹಿಡಿದು ತೀರಕ್ಕೆ ಹೋಗುತ್ತಾರಂತೆ. ಆರು ವರ್ಷದ ಮಗ ಕಲ್ಲಿನ ಸಂದಿಯಲ್ಲಿ ಕಂಡ ಹುಳಹುಪ್ಪಟೆಗೆಲ್ಲ ಜಪಾನಿ ಭಾಷೆಯಲ್ಲಿ ಪಟಪಟ ಹೆಸರು ಹೇಳುತ್ತಾನಂತೆ. ಸದಾನಂದನ ಕಣ್ಣು ಅಗಲವಾಯಿತು. ಇಂಚರಾಳಿಗೆ ಕಡಲಜೀವಿಗಳೆಂದರೆ ಪ್ರಾಣ. ಅವಳ ಕೋಣೆಯ ಗೋಡೆಯಲ್ಲಿ ಆಕ್ಟೋಪಸ್ಸಿನ ಎಂಟು ಕೈಗಳೂ ನಾಲ್ಕು ದಿಕ್ಕಿಗೆ ಹರಡಿಕೊಂಡಿದ್ದವು. ಸಮುದ್ರ ಬೇಕು ಅಂದರೆ ಕನ್ನಡವನ್ನೂ ತೆಗೆದುಕೋ ಎಂದರೆ ಆಯಿತು. ಹಿರಾಟಾನ ಕೊನೆಯ ಫೋಟೋದಲ್ಲಿ ಅದೇ ಬಕೆಟ್ಟಿನ ಚಿಪ್ಪುಗಳು ಸಾರಿನ ಬಟ್ಟಲಿನಲ್ಲಿ ಬಾಯಿ ಕಿಸಿದುಕೊಂಡು ಕುಳಿತಿದ್ದವು. ಸದಾನಂದ ಅದನ್ನು ಅವರ ಕಡೆಯ ಹೂವಿನ ಅಲಂಕಾರ ಎಂದು ಭಾವಿಸಿ ಹೊಗಳಿದ.

ಹೀಗೆ ಭಾನುವಾರಗಳು ಶುರುವಾದವು. ಜಾಗ, ದ್ವೀಪದ ದಕ್ಷಿಣ ತುದಿಯ ತೆಲುಕ್ ಕುಂಬಾರ್. ಕುಂಬಾರ್ ಎಂಬುದನ್ನು ಕೇಳಿದಾಗಲೇ ಅವನಿಗೆ ಅದು ತನ್ನೂರಿನ ಕುಂಬಾರರ ಬೀದಿಯ ನೆಂಟಸ್ತಿಕೆ ಅನ್ನಿಸಿ, ಶುಭಶಕುನವೆಂದು ಒಪ್ಪಿಕೊಂಡಿದ್ದ. ಅಲ್ಲಿ ನೀರು ಇಳಿದಾಗ ಮರಳೂ ಕೆಸರೂ ಬೆರೆತ ಬಯಲು ದೂರದವರೆಗೆ ಹೊಳೆಯುತ್ತಾ ಬಿದ್ದಿರುತ್ತದೆ. ಬೇರೆ ಮನೆಗಳವರು ಚಡ್ಡಿ ಮೇಲೆತ್ತಿಕೊಂಡು ಹಾಗೇ ಇಳಿದರೆ, ಸದಾನಂದನ ಮನೆಯವರು ಕಾರಿನ ಡಿಕ್ಕಿಯ ಬಳಿ ಸಾಲಾಗಿ ನಿಲ್ಲಬೇಕು. ತೋಳಿಗೆ ಬಿಸಿಲು ತಡೆಯುವ ತೋಳಚೀಲ, ಕಾಲಿಗೆ ರಬ್ಬರ್ ಶೂ, ತಲೆಗೆ ಕಿವಿ ಮುಚ್ಚುವ ಟೋಪಿ, ಕೊರಳಿಗೆ ಸೀಟಿ. ಆಮೇಲೆ ಸುರಕ್ಷತೆಯ ಭಾಷಣ. ಕೆಸರಿಗೆ ಇಳಿಯುವುದಕ್ಕೆ ಇಷ್ಟು ಸ್ವಚ್ಛವಾಗಿ ಸಿದ್ಧವಾದ ಕುಟುಂಬವನ್ನು ತೆಲುಕ್ ಕುಂಬಾರ್ ಅಲ್ಲಿಯವರೆಗೆ ಕಂಡಿರಲಿಲ್ಲ. ಗಾಳಿಮರದ ಕೆಳಗೆ ಚೆಂಡೋಲ್ ಮಾರುವ ಸೆಲ್ವಂ ಎಂಬ ತಮಿಳಿನವನು, ಐಸಿನ ಪುಡಿಗೆ ತೆಂಗಿನಹಾಲು ಬೆಲ್ಲದ ಪಾಕ ಸುರಿಯುವುದನ್ನು ನಿಲ್ಲಿಸಿ, ಯಾವುದಾದರೂ ಗ್ಯಾಸ್ ಸೋರಿದೆಯಾ ಅಣ್ಣೇ ಎಂದು ವಿಚಾರಿಸಿದ್ದ.

ನಿಯಮಗಳು ಎರಡು. ಒಂದು, ಹಿಡಿದ ಜೀವಿಯನ್ನು ನೀಲಿ ಬಕೆಟ್ಟಿನ ಸಮುದ್ರದ ನೀರಿನಲ್ಲಿ ಸ್ವಲ್ಪ ಹೊತ್ತು ನೋಡಿ, ಹಿಡಿದಲ್ಲೇ ಬಿಡಬೇಕು. ಇನ್ನೊಂದು, ಅಲೆ ಬಿಟ್ಟುಹೋದ ಕಸದ ಗೆರೆ ದಾಟಿದ ಮೇಲೆ ಕನ್ನಡ ಮಾತ್ರ.

ಮೊದಲನೆಯ ನಿಯಮವನ್ನು ಇಂಚರ ಪಾಲಿಸಿದಳು. ಎರಡನೆಯದನ್ನು ಅದಕ್ಕಿಂತ ಶಿಸ್ತಾಗಿ ಪಾಲಿಸಿದಳು: ಗೆರೆ ದಾಟಿದೊಡನೆ ಬಾಯಿಗೆ ಬೀಗ. ಇಂಗ್ಲಿಷೂ ಇಲ್ಲ, ಕನ್ನಡವೂ ಇಲ್ಲ. ಏಡಿ ಕಂಡರೆ ಬೆರಳು ತೋರುವಳು. ದೊಡ್ಡ ಏಡಿ ಕಂಡರೆ ಎರಡು ಬೆರಳು. ಮನೆಯಲ್ಲಿ ತಲೆ ತಿನ್ನುವಷ್ಟು ಮಾತಾಡುವ ಹುಡುಗಿ ತೀರದಲ್ಲಿ ಮೌನವ್ರತ ಹಿಡಿದ ಸ್ವಾಮಿಗಳಂತೆ ಕೈಸನ್ನೆಯಲ್ಲಿ ಸಾಗಿದಳು. ವಾಪಸು ಗೆರೆ ದಾಟಿದ್ದೇ ತಡ, ಅಷ್ಟು ಹೊತ್ತು ತಡೆದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಅಮ್ಮನ ಮೇಲೆ ಸುರಿಯುವಳು.

ಅವಳಿಗೆ ಪದಗಳಿಲ್ಲ, ಅದಕ್ಕೇ ಮಾತಿಲ್ಲ ಎಂದು ಸದಾನಂದ ತೀರ್ಮಾನಿಸಿದ. ಪದ ಒದಗಿಸುವುದು ತಂದೆಯ ಕರ್ತವ್ಯ. ತೊಂದರೆಯೆಂದರೆ ತಂದೆಯ ಬಳಿಯೂ ಇರಲಿಲ್ಲ. ಹೊಸದುರ್ಗದ ಕನ್ನಡದಲ್ಲಿ ಮೀನು, ಏಡಿ, ಶಂಖ ಇವಿಷ್ಟರಲ್ಲಿ ಸಮುದ್ರ ಮುಗಿದುಹೋಗುತ್ತದೆ. ಅವನು ಕಾರ್ಖಾನೆಯ ಬಸ್ಸಿನಲ್ಲಿ ಕುಳಿತು ತಾನೇ ಪದಗಳನ್ನು ಟಂಕಿಸತೊಡಗಿದ. ಕಲ್ಲಿಗೆ ಅಂಟಿಕೊಂಡು ಎಸಳು ಬಿಚ್ಚುವ ಪ್ರಾಣಿ ಕಡಲ ದಾಸವಾಳವಾಯಿತು. ಉದ್ದಕ್ಕೆ ಮಲಗಿ ಏನೂ ಮಾಡದಿರುವುದು ಕಡಲ ಸೌತೆ. ಕೆಸರಿನ ಮೇಲೆ ರೆಕ್ಕೆಯೂರಿಕೊಂಡು ತೆವಳುತ್ತಾ, ಉಬ್ಬಿದ ಕಣ್ಣು ಹೊರಳಿಸುತ್ತಾ, ನೀರಿಗಿಂತ ನೆಲದಲ್ಲೇ ಹೆಚ್ಚು ಹೊತ್ತು ಕಳೆಯುವ ಮೀನಿಗೆ ಕೆಸರುಜಿಗಿಕ ಎಂದು ಹೆಸರಿಟ್ಟ. ಖಾಲಿ ಚಿಪ್ಪು ಹುಡುಕಿ ಒಳಸೇರಿ, ಸಾಲದಾದಾಗ ಇನ್ನೊಂದಕ್ಕೆ ಸಾಮಾನು ಸಾಗಿಸುವ ಏಡಿಗೆ ಬಾಡಿಗೆ ಮನೆ ಏಡಿ. ಇದನ್ನು ಹೇಳಿದ ದಿನ ಇಂಚರಾಳ ತುಟಿಯ ಅಂಚು ಒಂದಿಷ್ಟು ಅಲುಗಿದಂತೆ ಕಂಡಿತು. ನಕ್ಕಳೆಂದು ಸದಾನಂದ, ಸೊಳ್ಳೆ ಕಚ್ಚಿತೆಂದು ಜಲಜಾ.

ನಡುವೆ ಒಂದು ವಾರ, ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿದ್ದ ಡೆಸ್ಮಂಡನನ್ನೂ ಕರೆದುಕೊಂಡು ಹೋದ. ಡೆಸ್ಮಂಡ್ ಮಂಗಳೂರಿನವನು, ಕಡಲ ಮಗ್ಗುಲಲ್ಲೇ ಬೆಳೆದವನು. ಅವನ ಬಾಯಲ್ಲಿ ಹೆಸರುಗಳಿಗೆ ಬರವಿರಲಾರದು ಎಂಬುದು ಲೆಕ್ಕಾಚಾರ. ಬರವಿರಲಿಲ್ಲ ನಿಜ. ಆದರೆ ಪ್ರತಿ ಹೆಸರಿನ ಹಿಂದೆ ಮಸಾಲೆ ಬರುತ್ತಿತ್ತು. ಇದಕ್ಕೆ ತೆಂಗಿನಕಾಯಿ ಹುರಿದು ಹಾಕಬೇಕು, ಅದಕ್ಕೆ ಹುಣಸೆಹುಳಿ ಕಡಿಮೆ ಸಾಕು, ಇನ್ನೊಂದನ್ನು ನೀರುದೋಸೆಯ ಜೊತೆ ಕೊಟ್ಟರೆ ಹೆಂಡತಿ ಸಿಲ್ವಿಯಾ ಜಗಳ ಮರೆಯುತ್ತಾಳೆ. ಸದಾನಂದ ಕಡಲ ಸೌತೆಯನ್ನು ತೋರಿಸಿ ಇದಕ್ಕೇನು ಹೆಸರು ಎಂದು ಕೇಳಿದ. ಡೆಸ್ಮಂಡ್ ಅದನ್ನು ಹಿಂದೆಮುಂದೆ ನೋಡಿ, ಮೂಗು ಮುರಿದ.

"ತಿನ್ನದ್ದಕ್ಕೆ ಹೆಸರು ಎಂತಕ್ಕೆ ಮಾರಾಯ?"

ಆಮೇಲೆ ಅವನನ್ನು ಕರೆಯಲಿಲ್ಲ. ಬಕೆಟ್ಟಿನಲ್ಲಿದ್ದ ಏಡಿಯ ಕಡೆ ಅವನು ನೋಡಿದ ನೋಟ ಅಧ್ಯಯನದ್ದಾಗಿರಲಿಲ್ಲ.

ತಿಂಗಳುಗಳು ಹೋದವು. ಸದಾನಂದ ಕಪ್ಪಗಾದ, ಇಂಚರ ಕಪ್ಪಗಾದಳು, ಕನ್ನಡ ಹುಟ್ಟಲಿಲ್ಲ. ಪ್ರತಿ ಜೀವಿಯನ್ನು ನೀರಿಗೆ ಬಿಡುವಾಗ ಅವನು ಬಗ್ಗಿ, ಹೋಗ್ಬಾಪ್ಪಾ, ಹುಷಾರು ಎಂದು ಬೀಳ್ಕೊಡುತ್ತಿದ್ದ. ಮಗಳು ಕೇಳಿಸಿಕೊಂಡು ಕಲಿಯಲಿ ಎಂಬ ಉದ್ದೇಶ. ಗಾಳಿಮರದ ಕೆಳಗೆ ಚಾಪೆ ಹಾಸಿ ಪುಳಿಯೋಗರೆ ಡಬ್ಬಿಗೆ ಕಾವಲು ಕೂತಿದ್ದ ಜಲಜಾ, ನನ್ನ ತಮ್ಮ ವಿಮಾನ ಹತ್ತುವಾಗ ಇದರ ಅರ್ಧ ಪ್ರೀತಿಯೂ ಕಾಣಲಿಲ್ಲ ಎಂದು ದಾಖಲಿಸುವಳು.

ಕೊನೆಗೆ ಅವಳೇ ಗಡುವು ಹಾಕಿದಳು. ಭಾನುವಾರ ಬೆಳಿಗ್ಗೆ ಮ್ಯಾಂಡರಿನ್ ತರಗತಿ ಇದೆ, ಇಂಚರಾಳ ಗೆಳತಿಯರೆಲ್ಲ ಸೇರಿದ್ದಾರೆ, ಮುಂದಿನ ವಾರದಿಂದ ಅವಳೂ ಹೋಗಲಿ ಎಂದಳು. ಸದಾನಂದ ಇನ್ನೊಂದು ಅವಕಾಶ ಬೇಡಿದ. ಜಲಜಾ ಕೊಟ್ಟಳು, ಆದರೆ ಮಾತನ್ನು ಗಂಟು ಹಾಕಿಯೇ ಕೊಟ್ಟಳು.

"ಈ ವಾರ ಅವಳ ಬಾಯಿಂದ ಒಂದೇ ಒಂದು ಕನ್ನಡದ ಮಾತು ಬರ್ಲಿ, ಸಮುದ್ರ ನಿಮ್ದು. ಬರ್ಲಿಲ್ವಾ, ತರಗತಿ. ವಾರಕ್ಕೊಂದಿನ ನನ್ನ ಮಗಳು ಮೂಗಿ ಆಗೋದು ನಂಗೆ ಬೇಡ ರೀ."

ಸದಾನಂದ ಒಪ್ಪಿದ. ಮ್ಯಾಂಡರಿನ್ ಮೇಲೆ ಅವನಿಗೆ ದ್ವೇಷವಿರಲಿಲ್ಲ. ಆದರೆ ಇನ್ನೊಂದು ಭಾಷೆ ಬಂದು ಕೂತರೆ ಕನ್ನಡಕ್ಕೆ ನಿಲ್ಲಲೂ ಜಾಗವಿರದು, ಮುಂದೆ ತಾನು ಏನು ಹೇಳಿದರೂ ಮಗಳಿಗೆ ಅದು 'ಅವರ' ಮಾತಾಗಿಯೇ ಉಳಿಯುತ್ತದೆ ಎಂಬುದು ಅವನಿಗೆ ಯಾವ ಪರೀಕ್ಷಾ ವರದಿಯೂ ಇಲ್ಲದೆ ತಿಳಿದಿತ್ತು.

ಆ ಭಾನುವಾರ ಹುಣ್ಣಿಮೆಯ ಮಾರನೆಯ ದಿನ. ನೀರು ಬಹಳ ದೂರ ಇಳಿದಿತ್ತು. ಬಯಲಿನ ತುಂಬ ಜನ. ಮಲಯರು, ಚೀನಿಯರು, ಅಜ್ಜಿಯರು, ಮಕ್ಕಳು, ಎಲ್ಲರೂ ಬಗ್ಗಿ ಬಗ್ಗಿ ಕೆದಕುತ್ತಿದ್ದರು. ಇಷ್ಟೊಂದು ಜನಕ್ಕೆ ಪ್ರಕೃತಿಯ ಮೇಲೆ ಆಸಕ್ತಿ ಬಂದಿರುವುದನ್ನು ಕಂಡು ಸದಾನಂದನಿಗೆ ಎದೆ ತುಂಬಿತು. ಅವರು ಕೆದಕುತ್ತಿದ್ದುದು ಸಂಜೆಯ ಅಡುಗೆಯನ್ನು ಎಂಬುದು ಸೆಲ್ವಂನ ಐಸಿನ ಪೆಟ್ಟಿಗೆಗೂ ಗೊತ್ತಿತ್ತು.

ಅವನು ಇಂಚರಾಳಿಗೆ ಬಕೆಟ್ಟು ಕೊಟ್ಟು ಕರಿಬಂಡೆಯ ಪಕ್ಕದಲ್ಲಿಡಲು ಹೇಳಿದ. ಅವಳು ಅದರಲ್ಲಿ ಒಂದು ಬಾಡಿಗೆ ಮನೆ ಏಡಿಯನ್ನು ಬಿಟ್ಟು, ಬಂಡೆಯ ಆಚೆ ಬದಿಯಲ್ಲಿಟ್ಟು, ಕಡಲ ದಾಸವಾಳಗಳನ್ನು ನೋಡುತ್ತಾ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಸದಾನಂದ ಬಂಡೆಯ ಈಚೆ ಬದಿಗೆ ಬಂದ. ಅಲ್ಲೊಂದು ನೀಲಿ ಬಕೆಟ್ಟು ಇತ್ತು. ಎಲ್ಲ ಸಾಮಾನನ್ನೂ ಒಂದೇ ಬೆಲೆಗೆ ಮಾರುವ ಅಂಗಡಿ ಪೆನಾಂಗಿನ ಪ್ರತಿ ಮೂಲೆಯಲ್ಲಿರುವಾಗ, ದ್ವೀಪದ ಅರ್ಧ ಮನೆಗಳಲ್ಲಿ ಅದೇ ನೀಲಿ ಬಕೆಟ್ಟು ಇರುತ್ತದೆ ಎಂಬ ಸಂಗತಿ ಗುಣಮಟ್ಟ ಪರೀಕ್ಷಕನ ಗಮನಕ್ಕೆ ಬರಲಿಲ್ಲ. ಎತ್ತಿ ನೋಡಿದರೆ ಭಾರ. ಒಳಗೆ ಇಲ್ಲಿಯವರು ಲಾಲಾ ಎನ್ನುವ ಸಣ್ಣ ಚಿಪ್ಪುಗಳು, ಬಾಯಿಯವರೆಗೆ.

ಅವನಿಗೆ ದುಃಖವಾಯಿತು. ಒಂದು ಬಕೆಟ್ಟಿನಲ್ಲಿ ಇಷ್ಟು ಜೀವಿಗಳನ್ನು ತುರುಕಬಾರದೆಂದು ಎಷ್ಟು ಭಾನುವಾರ ಹೇಳಿರಲಿಲ್ಲ? ಬಂಡೆಯಾಚೆ ಕೂತಿದ್ದ ಮಗಳಿಗೆ ಕೇಳುವಂತೆ, ಉಸಿರುಗಟ್ಟಿಸುವುದು ಅಧ್ಯಯನವಲ್ಲ ಎಂದು ಕನ್ನಡದಲ್ಲಿ ಒಂದು ಪಾಠ ಹೇಳಿ, ಬಕೆಟ್ಟು ಹೊತ್ತು ನೀರಿನ ಕಡೆ ನಡೆದ. ಮೊಣಕಾಲು ಮುಳುಗುವಲ್ಲಿ ನಿಂತು ಬಗ್ಗಿದ. ಹೋಗ್ಬನ್ನಿ, ಎಲ್ಲರೂ ಹುಷಾರು ಎಂದ. ಬಹುವಚನ ಬಳಸಿದ್ದು ಸಂಖ್ಯೆಯನ್ನು ನೋಡಿ. ಬುಳಬುಳನೆ ಬಕೆಟ್ಟು ಖಾಲಿಯಾಯಿತು.

ತಿರುಗಿದರೆ, ಬಂಡೆಯ ಬಳಿ ಹೂವಿನ ತಲೆವಸ್ತ್ರ ಹೊದ್ದ ಒಬ್ಬ ವಯಸ್ಸಾದ ಮಲಯ ಹೆಂಗಸು, ಕೈಯಲ್ಲಿ ಕುಂಟೆ ಹಿಡಿದು, ಅವನನ್ನೇ ನೋಡುತ್ತಾ ನಿಂತಿದ್ದರು. ಹೆಸರು ಜೈತೂನ್, ಅಲ್ಲಿಯ ಮಕ್ಕಳೆಲ್ಲ ಮಾಕ್ ಚಿಕ್, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದರು. ಆಯುಷ್ಯವೆಲ್ಲ ಶಾಲೆಯಲ್ಲಿ ಇಂಗ್ಲಿಷ್ ವ್ಯಾಕರಣ ಕಲಿಸಿ ನಿವೃತ್ತರಾದವರು. ಬೆಳಗಿನಿಂದ ಬೆನ್ನು ಬಗ್ಗಿಸಿ ಕೆದಕಿದ್ದರು. ಸಂಜೆ ಮಗಳ ಮನೆಯವರು ಊಟಕ್ಕೆ ಬರುವವರಿದ್ದರು. ಅವರು ಒಂದೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ, ನೀವು ಈಗ ಏನು ಮಾಡಿದಿರಿ ಎಂದು ನಿಧಾನವಾಗಿ ಕೇಳಿದರು.

ಕೇಳಿದ್ದಕ್ಕೆ ವಿವರಿಸದೆ ಬಿಡುವ ಜಾಯಮಾನ ಸದಾನಂದನದಲ್ಲ. ಮೆಚ್ಚಿ ಕೇಳುತ್ತಿದ್ದಾರೆ ಎಂದುಕೊಂಡ. ಪ್ರತಿ ಜೀವಿಗೂ ಅದರದರ ಮನೆಯೇ ಕ್ಷೇಮ, ಅದನ್ನು ಮನುಷ್ಯರ ಕೈಯಿಂದ ಬಿಡಿಸಿ ಮರಳಿಸುವುದರಲ್ಲಿ ಒಂದು ಬಗೆಯ ಶಾಂತಿಯಿದೆ, ನೀವೂ ಮಾಡಿ ನೋಡಿ ಎಂದು ಇಂಗ್ಲಿಷಿನಲ್ಲೇ ಶುರುಮಾಡಿದ. ಚಿಪ್ಪಿನ ಜೀವಿಗಳು ನೀರನ್ನು ಸೋಸುವ ಬಗೆಗೆ ಬಂದ. ಮಾಕ್ ಚಿಕ್ ಜೈತೂನರ ಮುಖದಲ್ಲಿ, ಕೊನೆಯ ಬೆಂಚಿನವನ ಸುಳ್ಳನ್ನು ಪೂರ್ತಿ ಕೇಳುವ ಮೇಷ್ಟರ ತಾಳ್ಮೆ ಇತ್ತು. ಅವರ ಮೊಮ್ಮಕ್ಕಳು ಬಂದು ನಿಂತರು. ಪಕ್ಕದ ಚೀನೀ ಕುಟುಂಬ ಕೆದಕುವುದನ್ನು ಬಿಟ್ಟಿತು. ಚೆಂಡೋಲ್ ಲೋಟ ಕೊಡಲು ಬಂದಿದ್ದ ಸೆಲ್ವಂ ಹಾಗೇ ನಿಂತ. ಸದಾನಂದ ಶ್ರೋತೃಗಳು ಹೆಚ್ಚಾದದ್ದನ್ನು ಕಂಡು ದನಿ ಏರಿಸಿದ.

ಇಂಚರ ಬಂಡೆ ಸುತ್ತಿ ಓಡಿಬಂದಳು. ಅವಳ ಕೈಯಲ್ಲಿ ತಮ್ಮ ಬಕೆಟ್ಟು ಇತ್ತು, ಅದರಲ್ಲಿ ಏಡಿ ಇತ್ತು. ಅಪ್ಪನ ಕೈಯಲ್ಲಿದ್ದ ಬಕೆಟ್ಟು ನೋಡಿದಳು, ಅಜ್ಜಿಯ ಕುಂಟೆ ನೋಡಿದಳು. ಎಲ್ಲ ತಿಳಿಯಿತು. ಅಪ್ಪನನ್ನು ಈಗಲೇ ನಿಲ್ಲಿಸಬೇಕು. ಇಂಗ್ಲಿಷಿನಲ್ಲಿ ಹೇಳಿದರೆ ಟೀಚರಿಗೆ ತಿಳಿಯುತ್ತದೆ, ಮಲಯದಲ್ಲಿ ಹೇಳಿದರೆ ಇಡೀ ಬಯಲಿಗೆ ತಿಳಿಯುತ್ತದೆ. ಅವಳು ಅಪ್ಪನ ತೋಳಚೀಲ ಹಿಡಿದು ಜಗ್ಗಿ, ತುಟಿ ಅಲ್ಲಾಡಿಸದೆ ಹೇಳಿದಳು:

"ರೀ ಅಪ್ಪ, ಸಾಕು ಸುಮ್ನಿರಿ. ಜನ ನೋಡ್ತಿದ್ದಾರೆ. ಅದು ಅವರ ಊಟ."

ಸದಾನಂದ ಚಿಪ್ಪುಗಳನ್ನು ಬಿಟ್ಟು ಮಗಳ ಕಡೆ ತಿರುಗಿದ. ಸ್ವರ, ಏರಿಳಿತ, 'ಸಾಕು' ಅನ್ನುವಾಗಿನ ಒತ್ತು, ಎಲ್ಲವೂ ಜಲಜಾಳದ್ದು. ಅಷ್ಟು ವರ್ಷ ಅವನು ಫ್ಯಾನಿನ ಸದ್ದೆಂದುಕೊಂಡದ್ದನ್ನು ಮಗಳು ಒಂದಕ್ಷರ ಬಿಡದೆ ಕೂಡಿಟ್ಟಿದ್ದಳು. ಗಂಡನನ್ನು ಕರೆಯುವ 'ರೀ'ಯನ್ನು ಅಪ್ಪಂದಿರಿಗೆ ಹಾಕುವುದಿಲ್ಲ ಎಂದು ಅವಳಿಗೆ ಯಾರು ಹೇಳಬೇಕು? ಅವಳು ಕೇಳಿದ್ದಂತೂ ಈ ಮನುಷ್ಯನಿಗೆ ಹಾಗೆ ಕರೆದೇ ಬೈಯುವುದನ್ನು.

ಸದಾನಂದನ ಮುಖ ಅರಳಿತು. ಎದುರಿಗೆ ಊಟ ಕಳೆದುಕೊಂಡ ಹೆಂಗಸು ನಿಂತಿರುವಾಗ ಅರಳಬಾರದ ರೀತಿಯಲ್ಲಿ ಅರಳಿತು.

"ಇನ್ನೊಂದ್ಸಲ ಹೇಳು ಪುಟ್ಟಿ."

"ನಗ್ಬೇಡಿ ಅಪ್ಪ, ಅವ್ರಿಗೆ ಕೋಪ ಬರುತ್ತೆ. ಸಾರಿ ಕೇಳಿ," ಎಂದಳು ಇಂಚರ. ಅಪ್ಪ ಕನ್ನಡದಲ್ಲೇ ಶುರುಮಾಡಬಹುದೆಂಬ ಅನುಮಾನ ಬಂದು, "ಇಂಗ್ಲಿಷಲ್ಲಿ ಕೇಳಿ," ಎಂದು ಸೇರಿಸಿದಳು.

ಸೆಲ್ವಂ ಹೊಟ್ಟೆ ಹಿಡಿದುಕೊಂಡು ನಕ್ಕ. ಗುಟ್ಟಿನ ಭಾಷೆಯೆಂದು ಆಡಿದ್ದು ಅವನಿಗೆ ಮುಕ್ಕಾಲು ಪಾಲು ತಿಳಿದಿತ್ತು. ತಮಿಳಿನಲ್ಲೂ ಅಪ್ಪ ಅಪ್ಪನೇ, ಸುಮ್ಮನಿರು ಎನ್ನುವುದೂ ಹೆಚ್ಚುಕಡಿಮೆ ಅದೇ. ಉಳಿದ ಕಾಲು ಪಾಲನ್ನು ಹುಡುಗಿಯ ಮುಖವೇ ಹೇಳಿತ್ತು. ಅವನು ಧಾರಾಳವಾಗಿ ಅದನ್ನೆಲ್ಲ ಮಲಯದಲ್ಲಿ ನೆರೆದವರಿಗೆ ತಿಳಿಸಿದ. ಮೊದಲು ನಕ್ಕವರು ಮೊಮ್ಮಕ್ಕಳು, ಆಮೇಲೆ ಚೀನೀ ಕುಟುಂಬ, ಕೊನೆಗೆ, ತಡೆಯಲಾರದೆ, ಮಾಕ್ ಚಿಕ್ ಜೈತೂನ್.

ಸದಾನಂದ ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದ. ಕನ್ನಡದಲ್ಲಾದರೆ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ ಎನ್ನಬಹುದಿತ್ತು. ಆದರೆ ಅವರು ಹೊಟ್ಟೆಗೆ ಹಾಕಿಕೊಳ್ಳಬೇಕಾಗಿದ್ದುದನ್ನೇ ಅವನು ಸಮುದ್ರಕ್ಕೆ ಸುರಿದಿದ್ದ. ಬೇರೆ ಏನಾದರೂ ಕೊಂಡುಕೊಡುತ್ತೇನೆ ಎಂದದ್ದಕ್ಕೆ ಟೀಚರು ಒಪ್ಪಲಿಲ್ಲ. ಕುಂಟೆಯನ್ನು ಅವನ ಕೈಗಿತ್ತು, ತಪ್ಪು ತಿದ್ದಿ ಬರೆಯಿರಿ ಎನ್ನುವ ಧಾಟಿಯಲ್ಲಿ ಕೆಸರಿನ ಕಡೆ ತೋರಿಸಿ, ತಾವು ಹೋಗಿ ಜಲಜಾಳ ಚಾಪೆಯ ಮೇಲೆ ಕುಳಿತರು. ಜಲಜಾ ಅವರಿಗೆ ಪುಳಿಯೋಗರೆ ಹಾಕಿಕೊಟ್ಟಳು. ಹೆಂಗಸರಿಬ್ಬರೂ ಗಂಡಸರ ಬಗ್ಗೆ ಮಾತಾಡಿಕೊಂಡಂತೆ ದೂರಕ್ಕೆ ಕಾಣುತ್ತಿತ್ತು.

ಹೀಗೆ, ಮೊಟ್ಟೆಯ ಕೇಕನ್ನೂ ಮೂಸಿ ನೋಡಿ ಪಕ್ಕಕ್ಕಿಡುವ ಸದಾನಂದ, ಬಿಸಿಲಿನಲ್ಲಿ ನಾಲ್ಕು ಕಾಲಾಗಿ ಕೂತು ಇನ್ನೊಬ್ಬರ ಮನೆಯ ಸಾರಿಗೆ ಚಿಪ್ಪು ಅಗೆದ. ಮೊದಲ ಚಿಪ್ಪು ಕೈಗೆ ಬಂದಾಗ, ಬಿಡಿಸಿ ಕಳಿಸಿದ್ದವನೇ ಮತ್ತೆ ಹಿಡಿಯುವುದು ಎಂಥ ಧರ್ಮ ಎಂದು ಒಂದು ಚಿಂತನೆ ಶುರುಮಾಡಿದ. ಪಕ್ಕದಲ್ಲಿ ಬಕೆಟ್ಟು ಹಿಡಿದಿದ್ದ ಇಂಚರ, ಅಜ್ಜಿ ನೋಡುತ್ತಿದ್ದಾರೆ ಎಂಬ ಕಾರಣಕ್ಕೆ, ಮಾತು ಕಮ್ಮಿ ಮಾಡಿ ಕೆಲಸ ನೋಡಿ ಎಂದಳು. ಅದೂ ಜಲಜಾಳದ್ದೇ. ರಜೆಯ ದಿನ ಅವನು ಬಚ್ಚಲು ತೊಳೆಯುವಾಗಿನದು.

ಅಗೆಯುತ್ತಾ ಹೋದಂತೆ ಅವಳ ಉಗ್ರಾಣ ತೆರೆಯಿತು. ಸೋಮಾರಿತನ ಸಾಕು. ಎಷ್ಟು ಸಲ ಹೇಳ್ಬೇಕು. ಬೆನ್ನು ನೋವು ಅಂತ ನಂಗೆ ಹೇಳ್ಬೇಡಿ, ನಿಮ್ಮಮ್ಮಂಗೆ ಹೇಳಿ. ಪ್ರತಿಯೊಂದೂ ಬೈಗುಳ, ಪ್ರತಿಯೊಂದೂ ಅಚ್ಚ ಮೈಸೂರಿನ ಕನ್ನಡ, ವ್ಯಾಕರಣದಲ್ಲಿ ಕೊಂಕಿಲ್ಲ. ಪ್ರೀತಿಯ ಮಾತು ಒಂದೂ ಇರಲಿಲ್ಲ. ಅದು ಮನೆಯಲ್ಲಿ ಸರಬರಾಜಾಗಿದ್ದರಲ್ಲವೇ ಅವಳ ಬಳಿ ಸಂಗ್ರಹವಿರುವುದು. ಸದಾನಂದ ಕೆಸರಿನಲ್ಲಿ ಮೊಣಕೈವರೆಗೆ ಮುಳುಗಿ, ಬೆವರು ಕಣ್ಣಿಗೆ ಇಳಿಯುತ್ತಿದ್ದರೂ ಕೇಳುತ್ತಾ ಕುಳಿತ. ತಾನು ಬಸ್ಸಿನಲ್ಲಿ ಕುಳಿತು ಟಂಕಿಸಿದ ಪದಗಳೆಲ್ಲ ಎಲ್ಲಿ ಹೋದವೋ ಎಂಬ ಸಣ್ಣ ಹೊಟ್ಟೆಕಿಚ್ಚು ಇದ್ದೇ ಇತ್ತು.

ಬಕೆಟ್ಟು ಅರ್ಧವಾಗುವ ಹೊತ್ತಿಗೆ ಸ್ವಲ್ಪ ದೂರದಲ್ಲಿ ಒಂದು ಮೀನು ನೀರು ಬಿಟ್ಟು ಕೆಸರಿನ ದಿಬ್ಬ ಹತ್ತಿತು. ರೆಕ್ಕೆಯೂರಿ ನಿಂತು, ಕಣ್ಣು ಹೊರಳಿಸಿ, ಸುತ್ತಲಿನವರನ್ನೆಲ್ಲ ಒಮ್ಮೆ ನೋಡಿ, ಬಾಯಿ ಬಿಟ್ಟು ಮುಚ್ಚಿ ಮಾಡತೊಡಗಿತು.

"ಕೆಸರುಜಿಗಿಕ," ಎಂದ ಸದಾನಂದ ಆಸೆಯಿಂದ.

ಇಂಚರ ಮೀನನ್ನು ನೋಡಿದಳು. ಕಿವಿ ಮುಚ್ಚುವ ಟೋಪಿ ಹಾಕಿಕೊಂಡು ಕೆಸರಿನಲ್ಲಿ ಕೈಯೂರಿ ಕೂತಿದ್ದ ತಂದೆಯನ್ನು ನೋಡಿದಳು.

"ಅಲ್ಲ. ಅದು ಅಪ್ಪಮೀನು," ಎಂದಳು. "ಎಲ್ಲಿಂದನೋ ಬಂದು, ಎಲ್ಲಾರ್ಗೂ ಪಾಠ ಹೇಳುತ್ತೆ. ಯಾರೂ ಕೇಳಲ್ಲ."

ಈ ಮಾತು ಜಲಜಾಳದ್ದಾಗಿರಲಿಲ್ಲ. ಯಾರದ್ದೂ ಆಗಿರಲಿಲ್ಲ. ಅವಳೇ ಆ ಕ್ಷಣಕ್ಕೆ ಕಟ್ಟಿದ್ದು. ಸದಾನಂದ ಮುಖ ತಗ್ಗಿಸಿ ಜೋರಾಗಿ ಅಗೆದ. ಕಣ್ಣಿಗೆ ಬೆವರು ಹೋಗಿದೆ ಎಂದು ತಾನಾಗಿಯೇ ವಿವರಣೆ ಕೊಟ್ಟ. ಕೇಳಿದವರು ಯಾರೂ ಇರಲಿಲ್ಲ.

ಬಕೆಟ್ಟು ತುಂಬಿಸಿ ಟೀಚರಿಗೆ ಒಪ್ಪಿಸಿ, ಕಸದ ಗೆರೆ ದಾಟಿದಾಗ ಇಂಚರ ಎಂದಿನಂತೆ ಇಂಗ್ಲಿಷಿಗೆ ಮರಳಿ, ನಡೆದದ್ದನ್ನೆಲ್ಲ ಬಣ್ಣ ಹಚ್ಚಿ ಅಮ್ಮನಿಗೆ ಹೇಳಿದಳು. ಸದಾನಂದ ಕಾರು ಹೊರಡಿಸಿದ. ಒಂದು ಮಾತು ಕೇಳಿದ್ದೆ, ಬೇಕಾದಷ್ಟು ಬಂತು, ಸಮುದ್ರ ನಿಮ್ಮದೇ ಎಂದು ಜಲಜಾ ತೀರ್ಪಿತ್ತಳು. ಬಂದದ್ದೆಲ್ಲ ತನ್ನದೇ ಸರಕು ಎಂಬ ಹೆಮ್ಮೆಯನ್ನು ಮುಚ್ಚಿಡುವ ಗೋಜಿಗೆ ಅವಳು ಹೋಗಲಿಲ್ಲ.

ದಾರಿಯಲ್ಲಿ ಮಾಮಾಕ್ ಎನ್ನುವ ತಮಿಳು ಮುಸಲ್ಮಾನರ ಹೋಟೆಲೊಂದರಲ್ಲಿ ಚಹಾಕ್ಕೆ ನಿಲ್ಲಿಸಿದರು. ರೊಟ್ಟಿ ತಂದಿಟ್ಟವನು ಬಟ್ಟೆಯೇಕೆ ಕೆಸರು ಎಂದು ಕೇಳಿದ. ಸದಾನಂದ ಚಿಪ್ಪುಗಳ ಜೀವನಕ್ರಮದಿಂದ ಆರಂಭಿಸಿದ. ಮೇಜಿನ ಆಚೆಯಿಂದ ಮೆಲ್ಲಗೆ ಬಂತು: ರೀ ಅಪ್ಪ, ಸಾಕು.

ಗೆರೆ ಇಲ್ಲ, ಸಮುದ್ರ ಇಲ್ಲ, ನಿಯಮ ಇಲ್ಲ. ಆದರೂ ಬಂತು. ಸದಾನಂದ ರೊಟ್ಟಿ ಮುರಿಯುವುದನ್ನು ಬಿಟ್ಟು ಯೋಚನೆಗೆ ಬಿದ್ದ. ಯಾವುದನ್ನು ಹಾಕಿದರೆ ಯಾವುದು ಹೊರಬರುತ್ತದೆ ಎಂದು ಕಂಡುಹಿಡಿಯುವುದೇ ಅವನ ವೃತ್ತಿ. ಇಷ್ಟು ತಿಂಗಳು ಯಂತ್ರಕ್ಕೆ ಏಡಿ ಹಾಕುತ್ತಿದ್ದ, ಹಾಕಬೇಕಾದದ್ದು ಮಾನವನ್ನು. ನಾಲ್ಕು ಜನರ ಎದುರು ಅವನು ಎಷ್ಟು ಮಾನ ಕಳೆದುಕೊಳ್ಳುತ್ತಾನೋ ಅಷ್ಟು ಕನ್ನಡ ಉತ್ಪಾದನೆಯಾಗುತ್ತದೆ. ಕಚ್ಚಾ ಸಾಮಗ್ರಿಗೆ ಅವನಲ್ಲಿ ಕೊರತೆಯಿರಲಿಲ್ಲ.

ಅಂದಿನಿಂದ ಅವನು ಶ್ರದ್ಧೆಯಿಂದ ಕೆಲಸಕ್ಕೆ ಇಳಿದ. ಸೂಪರ್ ಮಾರ್ಕೆಟ್ಟಿನಲ್ಲಿ ಮೀನಿನ ತೊಟ್ಟಿಯ ಮುಂದೆ ನಿಂತು ಒಂದೊಂದಕ್ಕೂ ಧೈರ್ಯ ಹೇಳಿದ. ಶಾಲೆಯ ಗೇಟಿನಲ್ಲಿ ಟೋಪಿ, ಸೀಟಿ ಸಮೇತ ಕಾದ. ತೆಲುಕ್ ಕುಂಬಾರಿಗೂ ಹೋಗುತ್ತಲೇ ಇದ್ದರು. ಅಲ್ಲಿ ಮಾಕ್ ಚಿಕ್ ಜೈತೂನ್ ತಮ್ಮ ಬಕೆಟ್ಟಿನ ಹಿಡಿಗೆ ಕೆಂಪು ರಿಬ್ಬನ್ ಕಟ್ಟಿಕೊಂಡು ಬರುತ್ತಿದ್ದರು. ಎಲ್ಲ ಕಡೆಯೂ ಇಂಚರಾಳ ಕನ್ನಡ ತಪ್ಪದೆ ಸಿಡಿಯಿತು. ವಾಕ್ಯಗಳು ಉದ್ದವಾದವು. ಜಲಜಾಳ ಉಗ್ರಾಣದ ಸರಕು ತೀರಿದ ಮೇಲೆ ಅವಳೇ ಹೊಸದನ್ನು ಕಟ್ಟತೊಡಗಿದಳು. ಒಂದು ದಿನ ಅವನನ್ನು ಬಾಡಿಗೆ ಮನೆ ಏಡಿ ಎಂದು ಬೈದಳು. ಸದಾನಂದನಿಗೆ ಆ ರಾತ್ರಿ ಊಟ ಎರಡು ತುತ್ತು ಹೆಚ್ಚೇ ಸೇರಿತು.

ಒಂದು ಸಂಜೆ ಲಿಫ್ಟಿನಲ್ಲಿ ಮಿಸ್ಟರ್ ಊಯಿ ಸಿಕ್ಕರು. ಸದಾನಂದ ತಡಮಾಡದೆ, ಕಡಲ ಸೌತೆ ಮಲಗುವ ಭಂಗಿಯನ್ನು ಗೋಡೆಗೆ ಒರಗಿ ಅಭಿನಯಿಸಿ ತೋರಿಸಿದ. ಇಂಚರ ಕಣ್ಣು ಮುಚ್ಚಿ ತೆರೆದಳು.

"ಅಪ್ಪ, ನೀವು ಬೇಕು ಬೇಕಂತ್ಲೇ ಮಾಡ್ತಿದ್ದೀರ. ಶುರುನಿಂದ್ಲೂ ಗೊತ್ತು ನಂಗೆ."

ಸದಾನಂದ ಏನೂ ಅರಿಯದವನಂತೆ ಟೈ ಸರಿಮಾಡಿಕೊಂಡ. ಊಯಿ ಕುತೂಹಲದಿಂದ, ಇದು ಯಾವ ಭಾಷೆಯಮ್ಮಾ ಎಂದು ಕೇಳಿದರು.

ಇಂಚರ ಇಂಗ್ಲಿಷಿನಲ್ಲಿ ಸಮಾಧಾನವಾಗಿ ತಿಳಿಸಿದಳು: "ಕನ್ನಡ, ಅಂಕಲ್. ನಾವು ಅದನ್ನ ಬೈಯೋಕೆ ಇಟ್ಕೊಂಡಿದ್ದೀವಿ ಲಾ."

ಬೈಯುವ ಭಾಗ ಸದಾನಂದನ ಕಿವಿಯ ಮೇಲಿಂದ ಹಾದುಹೋಯಿತು. ಒಳಗೆ ಇಳಿದದ್ದು 'ನಾವು' ಒಂದೇ. ಅದನ್ನು ಹಿಡಿದುಕೊಂಡು, ಬಾಗಿಲು ತೆರೆದ ಕೂಡಲೇ ಅವನು ಗಂಭೀರವಾಗಿ ಹೊರಗೆ ನಡೆದ. ಅದು ಅವನ ಮಹಡಿಯಾಗಿರಲಿಲ್ಲ.

"ರೀ ಅಪ್ಪ," ಎಂದಿತು ಹಿಂದಿನಿಂದ ಒಂದು ದನಿ, "ನಮ್ಮನೆ ಇನ್ನೂ ಮೇಲೆ."